ಕ್ಷೇಮವೆಂದು ಹೇಳದ ಕ್ಯಾಸೆಟ್ಟು

ನನ್ನ ಬಾಯಿ ಜೋರು ಎಂದು ನಮ್ಮ ಕಡೆಯವರು ಹೇಳುವುದುಂಟು. ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ, ಎಲ್ಲೆಂದರಲ್ಲಿ ಹೇಳುತ್ತಾರೆ. ಬೆನ್ನ ಹಿಂದೆ ಹೇಳುವಷ್ಟು ದಾಕ್ಷಿಣ್ಯವೂ ಈಚೆಗೆ ಉಳಿದಿಲ್ಲ. ಹೇಳಲಿ. ದುಃಖವಾದರೆ ಅಳುತ್ತೇನೆ. ಸಿಟ್ಟು ಬಂದರೆ ಯಾರ ಮೇಲೆ ಬಂದಿದೆಯೋ ಅವರ ಮುಖ ನೋಡಿ, ಇಂಥದ್ದಕ್ಕೆ ಸಿಟ್ಟು ಬಂದಿದೆ ಎಂದು ಹೇಳುತ್ತೇನೆ. ಆಮೇಲೆ ಪಾತ್ರೆ ಕುಕ್ಕುವುದಿಲ್ಲ, ಊಟ ಬಿಟ್ಟು ಮಲಗುವುದಿಲ್ಲ, ಯಾರದೋ ಸಿಟ್ಟನ್ನು ಮಕ್ಕಳ ಬೆನ್ನಿಗೆ ಇಳಿಸುವುದಿಲ್ಲ. ಇದಕ್ಕೆ ಬಾಯಿ ಜೋರು ಎನ್ನುವುದಾದರೆ ಆ ಬಾಯಿ ನನಗೆ ಕಾಪುವಿನ ನಮ್ಮ ಮನೆಯ ನಡುಕೋಣೆಯಲ್ಲಿ, ಒಂದು ಟೇಪ್ ರೆಕಾರ್ಡರಿನ ಮುಂದೆ ಬಂತು. ಅದನ್ನು ಬಿಟ್ಟು ನನ್ನ ಕಥೆ ಹೇಳಲು ನನಗೆ ಆಗುವುದಿಲ್ಲ.

ನಮ್ಮದು ಹೆದ್ದಾರಿಯಿಂದ ಕಡಲಿನ ಕಡೆಗೆ ಇಳಿಯುವ ದಾರಿಯಲ್ಲಿದ್ದ ಹೆಂಚಿನ ಮನೆ. ಜಗಲಿ, ಅದರ ಹಿಂದೆ ನಡುಕೋಣೆ, ಎರಡರ ನಡುವೆ ಹಸಿರು ಪರದೆ, ಹಿಂದೆ ಹೊಗೆ ಹಿಡಿದ ಅಡುಗೆಮನೆ. ನನ್ನ ತಂದೆ, ಉಪ್ಪ, ದುಬೈಯಲ್ಲಿದ್ದರು. ಎತ್ತರದ ಕಟ್ಟಡಗಳ ಹೊರಗೋಡೆಗೆ ಹಲಗೆ ಕಟ್ಟಿ, ಅದರ ಮೇಲೆ ನಿಂತು ಬಣ್ಣ ಹೊಡೆಯುವುದು ಅವರ ಕೆಲಸ. ಮನೆಯಲ್ಲಿ ಇದ್ದದ್ದು ನನ್ನನ್ನು ಹೆತ್ತ ಉಮ್ಮ, ನಾನು, ಮತ್ತು ಉಪ್ಪನ ತಾಯಿ ಬೆಲ್ಯುಮ್ಮ. ನಡುಕೋಣೆಯ ಮೇಜಿನ ಮೇಲೆ ಉಪ್ಪ ತಂದಿಟ್ಟ ಟೇಪ್ ರೆಕಾರ್ಡರ್ ಇತ್ತು. ಅದಕ್ಕೆ ಉಮ್ಮ ಕಸೂತಿ ಹಾಕಿದ ಬಟ್ಟೆಯ ಹೊದಿಕೆ. ನನಗೆ ಹಬ್ಬಕ್ಕೆ ಸಿಗುವ ಬಟ್ಟೆಗಿಂತ ಆ ಯಂತ್ರದ ಹೊದಿಕೆ ಚೆನ್ನಾಗಿತ್ತು.

ಆಗ ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಕಾಗದ ಬರೆಯುವ ಬದಲು ಕ್ಯಾಸೆಟ್ಟು ತುಂಬುತ್ತಿದ್ದರು. ಓದು ಬರಹ ಬಾರದ ಹೆಂಗಸರಿಗೆ ಅದು ದೊಡ್ಡ ಉಪಕಾರ. ಊರಿಗೆ ರಜೆಯಲ್ಲಿ ಬಂದವರು ಯಾರಾದರೂ ಹಿಂದೆ ಹೊರಟರೆ ಅವರ ಕೈಯಲ್ಲಿ ಉಪ್ಪಿನಕಾಯಿಯ ಭರಣಿ, ಹಪ್ಪಳದ ಕಟ್ಟು, ಜೊತೆಗೆ ಒಂದು ಕ್ಯಾಸೆಟ್ಟು. ಅಲ್ಲಿ ಉಪ್ಪ ಅದನ್ನು ಕೇಳಿ, ಅದರ ಮೇಲೆಯೇ ತಮ್ಮ ಮಾತು ತುಂಬಿ, ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ನಾವು ಅವರ ಮಾತಿನ ಮೇಲೆ ಮತ್ತೆ ನಮ್ಮದನ್ನು ತುಂಬುತ್ತಿದ್ದೆವು. ಅಂಗಡಿಯಿಂದ ತಂದ ಹಾಡಿನ ಕ್ಯಾಸೆಟ್ಟಿನ ಮೇಲೆ ಹಾಗೆ ಮಾಡಲು ಬರುವುದಿಲ್ಲ. ಅದರ ಬೆನ್ನಿನಲ್ಲಿರುವ ಪ್ಲಾಸ್ಟಿಕ್ಕಿನ ಎರಡು ಪುಟ್ಟ ಹಲ್ಲುಗಳನ್ನು ಮೊದಲೇ ಮುರಿದಿರುತ್ತಾರೆ, ಮಾತು ತುಂಬುವ ಕೆಂಪು ಗುಂಡಿ ಒತ್ತಿದರೂ ಇಳಿಯುವುದಿಲ್ಲ. ಇದನ್ನು ನಾನು ಒಂದು ಹಾಡಿನ ಕ್ಯಾಸೆಟ್ಟು ಕೆಡಿಸಲು ಹೋಗಿ ಕಂಡುಕೊಂಡಿದ್ದೆ. ಮನೆಯಲ್ಲಿ ಗುಂಡಿಗಳ ಲೆಕ್ಕಾಚಾರ ತಿಳಿದವಳು ನಾನೊಬ್ಬಳೇ ಆದ್ದರಿಂದ ಆ ಯಂತ್ರ ನನ್ನ ಸುಪರ್ದಿಯಲ್ಲಿತ್ತು.

ಮಾತಾಡುವುದಕ್ಕೆ ಒಂದು ಕ್ರಮವಿತ್ತು. ಮೊದಲು ಸಲಾಂ, ಆಮೇಲೆ "ನಾವು ಇಲ್ಲಿ ಕ್ಷೇಮ", ಆಮೇಲೆ ತೆಂಗಿನ ಮರ, ಬಾವಿಯ ನೀರು, ನೆಂಟರ ಮದುವೆ. ಜ್ವರದ ಸುದ್ದಿ ಇಲ್ಲ, ಜಗಳದ ಸುದ್ದಿ ಇಲ್ಲ. ಯಾರ ಸ್ವರವಾದರೂ ಸ್ವಲ್ಪ ಒದ್ದೆಯಾದರೆ ಬೆಲ್ಯುಮ್ಮ ಅಂಗೈ ಎತ್ತುತ್ತಿದ್ದರು. ಅಂಗೈ ಎತ್ತಿದರೆ ನಾನು ನಿಲ್ಲಿಸಬೇಕು. ಅತ್ತವರು ಅಡುಗೆಮನೆಗೆ ಹೋಗಿ ಮುಖ ತೊಳೆದು ಬಂದು, ಬಿಟ್ಟಲ್ಲಿಂದ ಕ್ಷೇಮವಾಗಿ ಮುಂದುವರಿಯಬೇಕು. ಗಂಡ ತೀರಿಕೊಂಡಾಗ ತಾನು ಒಂದು ಹನಿ ಕಣ್ಣೀರು ಹಾಕಲಿಲ್ಲ ಎಂಬುದು ಬೆಲ್ಯುಮ್ಮನ ಹೆಗ್ಗಳಿಕೆ. ಅವರ ಬಾಯಲ್ಲಿ ಸದಾ ಇದ್ದ ಮಾತು ಸಬ್ರ್, ಅಂದರೆ ತಾಳ್ಮೆ. ಹೊಟ್ಟೆನೋವಿಗೂ ಅದೇ ಮದ್ದು, ಶಾಲೆಯಲ್ಲಿ ಹೊಡೆತ ತಿಂದು ಬಂದರೂ ಅದೇ ಮದ್ದು.

ಉಪ್ಪ ರಜೆ ಮುಗಿಸಿ ಹೋದ ಮೇಲೆ ನನಗೆ ತಮ್ಮ ಹುಟ್ಟಿದ. ಹೆಸರು ಬೇರೆ ಇಟ್ಟಿದ್ದರೂ ಕರೆಯುತ್ತಿದ್ದದ್ದು ಮೋನು ಎಂದು. ಬ್ಯಾರಿಗಳ ಮನೆಯಲ್ಲಿ ಗಂಡುಮಗುವೆಲ್ಲ ಮೋನುವೇ. ಅವನು 'ಊಂ' ಎಂದದ್ದು, ಕೇಕೆ ಹಾಕಿದ್ದು, ಒಮ್ಮೆ ಸೀನಿದ್ದು, ಎಲ್ಲವನ್ನೂ ನಾನು ಒಂದು ಕ್ಯಾಸೆಟ್ಟಿಗೆ ತುಂಬಿ ಉಪ್ಪನಿಗೆ ಕಳಿಸಿದ್ದೆ. ಆ ಮಳೆಗಾಲದಲ್ಲಿ ಅವನಿಗೆ ಜ್ವರ ಬಂತು. ಉಮ್ಮ ಅವನನ್ನು ಶಾಲಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಉಡುಪಿಗೆ ಹೋದಳು. ಬರುವಾಗ ಬಾಡಿಗೆ ಕಾರಿನಲ್ಲಿ ಬಂದಳು. ನಮ್ಮ ಮನೆಯ ಮುಂದೆ ಕಾರು ನಿಂತದ್ದನ್ನು ಕಂಡು ನಾನು ಖುಷಿಯಿಂದ ಓಡಿದೆ. ಮಗು ಸತ್ತಿದೆ ಎಂದು ಯಾರೂ ನನಗೆ ಬಾಯಿಬಿಟ್ಟು ಹೇಳಲಿಲ್ಲ, ಶಾಲಿನಿಂದ ಮುಖ ಮುಚ್ಚಿ ಅವನನ್ನು ಹಿಡಿದಿದ್ದ ಉಮ್ಮನ ಕೈ ನೋಡಿ ತಿಳಿದುಕೊಂಡೆ.

ಗಂಡಸರು ಅವನನ್ನು ಪಳ್ಳಿಯ, ಅಂದರೆ ಮಸೀದಿಯ, ಹಿಂದಿನ ದಫನ ಭೂಮಿಗೆ ಎತ್ತಿಕೊಂಡು ಹೋದರು. ಹೆಂಗಸರು ಹೋಗುವಂತಿರಲಿಲ್ಲ. ಉಮ್ಮ ಬಾಯಿ ತೆರೆಯುವಾಗಲೇ ಬೆಲ್ಯುಮ್ಮನ ಅಂಗೈ ಎದ್ದಿತು.

"ಆಮಿನಾ, ಸಬ್ರ್ ಮಾಡು. ನೀನು ಅತ್ತರೆ ಅಲ್ಲಿ ಮಗುವಿಗೆ ಕಷ್ಟ ಉಂಟು."

ಉಮ್ಮ ಬಾಯಿ ಮುಚ್ಚಿದಳು. ಆದರೆ ಎದೆಯ ಹಾಲಿಗೆ ಸಬ್ರ್ ಗೊತ್ತಿಲ್ಲವಲ್ಲ. ಕುಪ್ಪಸ ಒದ್ದೆಯಾಗುತ್ತಿತ್ತು. ಹಾಲು ಬತ್ತಲಿ ಎಂದು ಬೆಲ್ಯುಮ್ಮ ಶಂಕರಪುರದಿಂದ ಮಲ್ಲಿಗೆ ತರಿಸಿ, ಹೂವನ್ನು ಎದೆಯ ಮೇಲೆ ಹರಡಿ ಬಟ್ಟೆಯಿಂದ ಬಿಗಿಯಾಗಿ ಕಟ್ಟಿದರು. ಬಾಡಿದ ಹಾಗೆ ಬಿಚ್ಚಿ ಹೊಸದು ಕಟ್ಟುತ್ತಿದ್ದರು. ಮನೆಯೆಲ್ಲ ಮದುವೆ ಮನೆಯ ಪರಿಮಳ. ಆ ಪರಿಮಳದ ನಡುವೆ ಉಮ್ಮ ಬಾವಿಯಿಂದ ಬೇಡದಿದ್ದರೂ ನೀರು ಸೇದುತ್ತಿದ್ದಳು, ತೊಳೆದ ಪಾತ್ರೆಯನ್ನೇ ಮತ್ತೆ ಬೂದಿ ಹಾಕಿ ತಿಕ್ಕುತ್ತಿದ್ದಳು. ನನ್ನನ್ನು ಎಂದೂ ಹೊಡೆಯದವಳು, ಲೋಟ ಕೈಜಾರಿ ಬಿದ್ದದ್ದಕ್ಕೆ ಕೆನ್ನೆಗೆ ಬಾರಿಸಿ, ಬಾರಿಸಿದ ಕೈಯನ್ನೇ ನೋಡುತ್ತ ನಿಂತಳು. ನನ್ನ ಮದುವೆಯಲ್ಲಿ ನಾನು ಮಲ್ಲಿಗೆ ಮುಡಿಯಲಿಲ್ಲ. ಎಲ್ಲರೂ ಕಾರಣ ಕೇಳಿದರು, ಎಲ್ಲರಿಗೂ ಹೇಳಿದೆ.

ಉಪ್ಪನಿಗೆ ತಿಳಿಸುವುದು ಬೇಡ ಎಂದು ತೀರ್ಮಾನಿಸಿದವರು ಬೆಲ್ಯುಮ್ಮ. ಅವರ ಹೆದರಿಕೆ ಸುಳ್ಳಿನದ್ದಲ್ಲ. ಹೂಡೆಯ ಕಡೆಯ ಯಾರೋ ಒಬ್ಬ ಊರಿನ ಕೆಟ್ಟ ಸುದ್ದಿ ಕೇಳಿ, ಮರುದಿನ ಕೆಲಸಕ್ಕೆ ಹೋದವನು ಹಲಗೆಯಿಂದ ಕೆಳಗೆ ಬಿದ್ದನಂತೆ. "ನನ್ನ ಮಗ ಅಷ್ಟು ಎತ್ತರದಲ್ಲಿ ನಿಲ್ಲುವವ. ತಲೆ ತಿರುಗಿದರೆ ಎಂತ ಮಾಡುವುದು?" ಎಂದು ಕೇಳುತ್ತಿದ್ದರು. ರಜೆಗೆ ಬಂದಾಗ ನೆಲದ ಮೇಲೆ ಕೂರಿಸಿ ಹೇಳೋಣ, ಅಲ್ಲಿಯವರೆಗೆ ಮೋನು ಚೆನ್ನಾಗಿದ್ದಾನೆ, ಅಷ್ಟೇ. ಆದರೆ ಬರೀ ಬಾಯಿಮಾತು ಸಾಲುವುದಿಲ್ಲ, ಮಗುವಿನ ಸ್ವರ ಇಲ್ಲದ ಕ್ಯಾಸೆಟ್ಟು ಹೋದರೆ ಅವರು ಸಂಶಯಪಡುತ್ತಾರೆ. ಹಾಗಾಗಿ ಬೆಲ್ಯುಮ್ಮ ಹಿಂದಿನ ಮನೆಯ ಮೈಮೂನಾಳನ್ನು ಕರೆದರು. ಅವಳಿಗೆ ಮೋನುವಿಗಿಂತ ಸ್ವಲ್ಪ ದೊಡ್ಡ ಗಂಡುಮಗುವಿತ್ತು.

ಇದನ್ನು ಕೇಳಿದ ಈಗಿನವರು ನಂಬುವುದಿಲ್ಲ. ನಂಬಲಿ ಬಿಡಲಿ, ನಡೆದದ್ದು ಇದು: ಮೈಮೂನಾಳ ಮಗುವನ್ನು ಉಮ್ಮನ ಮಡಿಲಲ್ಲಿ ಕೂರಿಸಿದರು. ಮಗುವಿನ ಕೈಗೆ ಒಂದು ಚಮಚ ಕೊಟ್ಟರು. ನಾನು ಗುಂಡಿ ಒತ್ತಿದೆ. ಮಗು ಚಮಚವನ್ನು ಮೇಜಿಗೆ ಬಡಿದು 'ಬಾ ಬಾ' ಎಂದಿತು. ಉಮ್ಮ ಸಲಾಂ ಹೇಳಿ, "ನಾವು ಇಲ್ಲಿ ಕ್ಷೇಮ. ಮೋನು ಆಟ ಆಡ್ತಾ ಇದ್ದಾನೆ" ಎಂದಳು. ಅವಳ ಸ್ವರ ಒದ್ದೆಯಾಗಲೇ ಇಲ್ಲ, ಬೆಲ್ಯುಮ್ಮ ಅಂಗೈ ಎತ್ತಬೇಕಾಗಲಿಲ್ಲ. ಪರದೆಯ ಹತ್ತಿರ ನಿಂತ ಮೈಮೂನಾ ಸೆರಗಿನಿಂದ ಕಣ್ಣೊರೆಸುತ್ತಿದ್ದಳು.

ಮರುದಿನ ನಾನು ಮದ್ರಸದಲ್ಲಿ ಉಸ್ತಾದರನ್ನು ಕೇಳಿದೆ, ಸತ್ತವರಿಗಾಗಿ ಅತ್ತರೆ ಪಾಪವಾ ಎಂದು. ಅವರು ವಯಸ್ಸಾದವರು, ಬೆತ್ತ ಇಟ್ಟುಕೊಂಡರೂ ಅದನ್ನು ಬೆನ್ನು ತುರಿಸಲು ಮಾತ್ರ ಬಳಸುತ್ತಿದ್ದರು.

"ಎದೆ ಬಡಿದುಕೊಂಡು ಬೊಬ್ಬೆ ಹಾಕಬಾರದು. ಕಣ್ಣೀರು ಬೇರೆ ವಿಷಯ. ಅದು ಅಲ್ಲಾಹು ಕೊಟ್ಟ ಕರುಣೆ. ಯಾರು ಅಳಬಾರದು ಅಂತ ಹೇಳಿದ್ದು ನಿನಗೆ?"

ಯಾರೂ ಇಲ್ಲ ಎಂದೆ. ಆದರೆ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಮನೆಗೆ ಬಂದೆ.

ಕೆಲವು ವಾರಗಳ ನಂತರ ಉಪ್ಪನ ಉತ್ತರ ಬಂತು. ಅದನ್ನು ತಂದವರು ಕಾಪು ಪೇಟೆಯ ಅಬ್ಬಾಸಾಕ, ಉಪ್ಪನ ಜೊತೆ ಒಂದೇ ರೂಮಿನಲ್ಲಿದ್ದವರು. ಕ್ಯಾಸೆಟ್ಟಿನ ಜೊತೆ ಒಂದು ಪೊಟ್ಟಣವಿತ್ತು. ನಾವು ನಡುಕೋಣೆಯಲ್ಲಿ ಕುಳಿತು ಕೇಳಿದೆವು.

"ಆಮಿನಾ, ಮೋನುವಿನ ಸ್ವರ ಎಷ್ಟು ಗಟ್ಟಿಯಾಗಿದೆ ಮಾರಾಯ್ತಿ! ರೂಮಿನವರಿಗೆಲ್ಲ ಕೇಳಿಸಿದೆ. ಇವ ಪಳ್ಳಿಯಲ್ಲಿ ಬಾಂಗ್ ಕೊಡುವವ ಆಗ್ತಾನೆ ಅಂತ ಅಬ್ಬಾಸ್ ಹೇಳ್ತಾನೆ. ಒಂದು ಜೊತೆ ಶೂ ಕಳಿಸಿದ್ದೇನೆ. ನಡೆಯುವಾಗ ಅದು ಕೂಗ್ತದೆ. ಅವ ನಡೆಯುವ ಶಬ್ದ ತುಂಬಿ ಕಳಿಸಬೇಕು, ಆಯ್ತಾ?"

ಪೊಟ್ಟಣದಲ್ಲಿ ಕೆಂಪು ಶೂಗಳಿದ್ದವು. ಹಿಮ್ಮಡಿ ಒತ್ತಿದರೆ ಪೀಂ ಎನ್ನುತ್ತಿದ್ದವು. ಬೆಲ್ಯುಮ್ಮ ಅವನ್ನು ತೆಗೆದಿಡಲು ಕೈ ಚಾಚಿದರು, ಉಮ್ಮ ಕೊಡಲಿಲ್ಲ. ಅಂದು ಅವಳು ಅಕ್ಕಿರೊಟ್ಟಿ ಬೇಯಿಸಿದಳು, ಬಂಗುಡೆಗೆ ಮಸಾಲೆ ಅರೆದಳು, ನಮಗೆ ಬಡಿಸಿದಳು. ತಾನು ತಿನ್ನಲಿಲ್ಲ. ಶೂಗಳು ಅವಳ ಮಡಿಲಲ್ಲಿದ್ದವು. ಬಡಿಸಲು ಬಗ್ಗಿದಾಗ ಅವುಗಳಲ್ಲಿ ಒಂದು ಪೀಂ ಎಂದಿತು, ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದೆ. ನನಗೆ ಆಗ ಬಂದದ್ದು ದುಃಖವಲ್ಲ, ಸಿಟ್ಟು. ಉಪ್ಪನ ಮೇಲೆ, ಬೆಲ್ಯುಮ್ಮನ ಮೇಲೆ, ಸುಳ್ಳು ತುಂಬಿದ ನನ್ನದೇ ಯಂತ್ರದ ಮೇಲೆ.

ಅಬ್ಬಾಸಾಕ ಹಿಂದೆ ಹೊರಡುವ ದಿನ ಬಂತು. ಬೆಳಿಗ್ಗೆ ಬೆಲ್ಯುಮ್ಮ ಮತ್ತೆ ಮೈಮೂನಾಳನ್ನು ಕರೆಸಿದರು. ಅವಳ ಮಗು ಆಗಲೇ ಗೋಡೆ ಹಿಡಿದು ಹೆಜ್ಜೆ ಇಡುತ್ತಿತ್ತು. ಬೆಲ್ಯುಮ್ಮ ಆ ಕೆಂಪು ಶೂಗಳನ್ನು ತಂದು ಮಗುವಿನ ಮುಂದೆ ಇಟ್ಟು ಉಮ್ಮನಿಗೆ ಹೇಳಿದರು:

"ಹಾಕು ಅವನಿಗೆ. ನಾಲ್ಕು ಹೆಜ್ಜೆ ನಡೆಸಿದರೆ ಆಯಿತು. ಮತ್ತೆ ಬಿಚ್ಚುವ."

ಉಮ್ಮ ಕೆಳಗೆ ಕುಳಿತು ಮಗುವಿನ ಒಂದು ಕಾಲು ಹಿಡಿದಳು. ಶೂ ಅದರ ಪಾದಕ್ಕೆ ಚಿಕ್ಕದಾಗಿತ್ತು. ಅವಳು ಮತ್ತೆ ಮತ್ತೆ ತುರುಕಲು ನೋಡುತ್ತಿದ್ದಳು, ಮಗು ಅಳತೊಡಗಿತು, ಅವಳ ಬಾಯಿ ಮಾತ್ರ ಮುಚ್ಚಿಯೇ ಇತ್ತು. "ತುಂಬು ಸಕೀನಾ, ಶುರುಮಾಡು" ಎಂದರು ಬೆಲ್ಯುಮ್ಮ. ನಾನು ಕೆಂಪು ಗುಂಡಿಯನ್ನೂ ಅದರ ಪಕ್ಕದ್ದನ್ನೂ ಒಟ್ಟಿಗೆ ಒತ್ತಿದೆ. ಟೇಪು ತಿರುಗತೊಡಗಿತು. ಆಮೇಲೆ ನಾನು ಯಂತ್ರದ ಹತ್ತಿರ ಬಾಯಿ ತಂದು ಹೇಳಿದೆ:

"ಉಪ್ಪಾ, ಇದು ಮೈಮೂನಕ್ಕನ ಮಗು. ಹೋದ ಸಲದ್ದೂ ಇದೇ ಮಗು. ನಮ್ಮ ಮೋನು ಇಲ್ಲ. ಜ್ವರ ಬಂದು ತೀರಿಹೋದ. ನಾವು ಇಲ್ಲಿ ಕ್ಷೇಮ ಇಲ್ಲ."

ಬೆಲ್ಯುಮ್ಮನ ಅಂಗೈ ಎದ್ದಿತು. ನಾನು ನಿಲ್ಲಿಸಲಿಲ್ಲ. ಅವರು ಯಂತ್ರದ ಕಡೆಗೆ ಬಂದರು. ನಾನು ಅದನ್ನು ಎದೆಗೆ ಅವಚಿಕೊಂಡು ಮೂಲೆಗೆ ಸರಿದೆ. ಬೆನ್ನಿಗೆ ಎರಡು ಏಟು ಬಿತ್ತು. ಬೀಳಲಿ ಎಂದುಕೊಂಡೆ. ಆ ಏಟಿನ ಶಬ್ದವೂ ಟೇಪಿನಲ್ಲಿ ಉಂಟು. ಆಗ ಉಮ್ಮ ಎದ್ದು ಬಂದಳು. ನನ್ನನ್ನೂ ಬೆಲ್ಯುಮ್ಮನನ್ನೂ ಬೇರೆ ಮಾಡಿ, ನನ್ನ ಮುಂದೆ ನೆಲದಲ್ಲೇ ಕುಳಿತಳು.

"ಮಾಮಿ, ಇನ್ನು ಸಾಕು. ನಾನು ಮಾತಾಡ್ತೇನೆ."

"ಅವ ಬಿದ್ದರೆ? ನನ್ನ ಮಗನಿಗೆ ಎಂತಾದರೂ ಆದರೆ ಯಾರು ಜವಾಬ್ದಾರಿ?"

"ನಾನು. ನನ್ನ ಮಗ ಹೋದದ್ದನ್ನು ನನ್ನ ಗಂಡನಿಗೆ ನಾನು ಹೇಳದೆ ಮತ್ತೆ ಯಾರು ಹೇಳುವುದು?"

ಮೈಮೂನಾ ಮಗುವನ್ನು ಎತ್ತಿಕೊಂಡು ಹೊರಗೆ ಹೋದಳು. ಉಮ್ಮ ಅತ್ತಳು. ಅಷ್ಟು ದಿನ ತಡೆದು ಇಟ್ಟದ್ದು ಒಮ್ಮೆಲೇ ಬಂತು. ಮೊದಲು ಮಾತೇ ಇರಲಿಲ್ಲ, ಬರೀ ಅಳು. ಆದರೆ ಎದೆ ಬಡಿದುಕೊಳ್ಳಲಿಲ್ಲ, ಬೊಬ್ಬೆ ಹಾಕಲಿಲ್ಲ. ಆಮೇಲೆ ಒಂದೊಂದಾಗಿ ಹೇಳಿದಳು. ಬಸ್ಸಿನಲ್ಲಿ ಮೋನುವಿನ ಮೈ ಎಷ್ಟು ಬಿಸಿಯಿತ್ತು, ಅವನು ಕೊನೆಗೆ ಅವಳ ಬೆರಳು ಹೇಗೆ ಹಿಡಿದಿದ್ದ, ಹಾಲು ಬತ್ತಲು ಎಷ್ಟು ದಿನ ಹಿಡಿಯಿತು. "ನಿಮ್ಮ ಮೇಲೂ ಸಿಟ್ಟುಂಟು ನನಗೆ. ಅವನನ್ನು ಒಮ್ಮೆಯೂ ನೋಡದೆ ಅಲ್ಲಿ ಇದ್ದೀರಲ್ಲ ಅಂತ. ನಿಮ್ಮ ತಪ್ಪು ಅಲ್ಲ. ಆದರೂ ಸಿಟ್ಟುಂಟು" ಎಂದಳು. ಕಡೆಗೆ, "ಮೇಲೆ ಹತ್ತುವ ಮೊದಲು ಇದನ್ನು ಕೇಳಬೇಡಿ. ಶುಕ್ರವಾರ ಕೇಳಿ. ಯಾರನ್ನಾದರೂ ಹತ್ತಿರ ಕೂರಿಸಿಕೊಳ್ಳಿ. ಮೋನುವಿನ ಸ್ವರ ಇದ್ದ ಆ ಕ್ಯಾಸೆಟ್ಟು ನಿಮ್ಮ ಹತ್ತಿರ ಉಂಟಾದರೆ ನನಗೆ ಕಳಿಸಿ" ಎಂದಳು. ನನಗೆ ಕಣ್ಣಿನಿಂದ ಸೂಚಿಸಿದಳು, ನಾನು ನಿಲ್ಲಿಸಿದೆ. ಅವಳು ಎದ್ದು ಮುಖ ತೊಳೆದು, ನಿನ್ನೆಯ ಗಂಜಿಯನ್ನು ಉಪ್ಪಿನಕಾಯಿಯ ಜೊತೆ ಎರಡು ಬಟ್ಟಲು ಉಂಡಳು. ಅವಳು ಹಾಗೆ ಉಂಡದ್ದನ್ನು ನೋಡಿ ಆಗ ನನಗೂ ಅಳು ಬಂತು, ಅತ್ತುಬಿಟ್ಟೆ.

ಮಧ್ಯಾಹ್ನ ಅಬ್ಬಾಸಾಕ ಬಂದು ಜಗಲಿಯಲ್ಲಿ ನಿಂತರು. "ಈ ಸಲ ಕ್ಯಾಸೆಟ್ಟು ಆಗಲಿಲ್ಲ" ಎಂದರು ಬೆಲ್ಯುಮ್ಮ. ಅನ್ಯ ಗಂಡಸರ ಮುಂದೆ ಎಂದೂ ಬಾರದ ಉಮ್ಮ ತಲೆಯ ಮೇಲೆ ಸೆರಗೆಳೆದುಕೊಂಡು ಹಸಿರು ಪರದೆ ದಾಟಿ ಹೊರಗೆ ಬಂದಳು. ಕ್ಯಾಸೆಟ್ಟನ್ನು ಅವರ ಕೈಯಲ್ಲೇ ಇಟ್ಟಳು.

"ಆಗಿದೆ ಅಬ್ಬಾಸಾಕ. ಇದನ್ನು ರೂಮಿನಲ್ಲಿ ಎಲ್ಲರ ಎದುರು ಹಾಕುವುದು ಬೇಡ. ಅವರು ಕೇಳುವಾಗ ನೀವೊಬ್ಬರು ಹತ್ತಿರ ಇರಿ."

ಅವರು ಅವಳ ಊದಿದ ಕಣ್ಣು ನೋಡಿ ಕ್ಯಾಸೆಟ್ಟನ್ನು ಅಂಗಿಯ ಜೇಬಿಗೆ ಇಳಿಸಿದರು.

ಆ ಮೇಲಿನ ದಿನಗಳು ಸುಲಭವಾಗಿರಲಿಲ್ಲ. ಬೆಲ್ಯುಮ್ಮ ನನ್ನೊಡನೆ ಮಾತು ಬಿಟ್ಟರು. ದಾರಿಯಲ್ಲಿ ಅಂಚೆಯವನ ಸೈಕಲ್ ಕಂಡರೆ ಸಾಕು, ತಂತಿ ಬಂತೋ ಎಂದು ಜಗಲಿಯ ಕಂಬ ಹಿಡಿದು ನಿಲ್ಲುತ್ತಿದ್ದರು. ನನಗೂ ಹೆದರಿಕೆಯಿತ್ತು, ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹೇಳಬಾರದಿತ್ತು ಎಂದು ಆಗಲೂ ಅನಿಸಲಿಲ್ಲ, ಇಂದಿಗೂ ಅನಿಸಿಲ್ಲ. ಉಮ್ಮ ದಿನಾ ಸಂಜೆ ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಕುಳಿತು ಸ್ವಲ್ಪ ಹೊತ್ತು ಅಳುತ್ತಿದ್ದಳು. ಮೈಮೂನಾ ಹತ್ತಿರ ಬಂದು ಕೂರುತ್ತಿದ್ದಳು. ಅತ್ತಾದ ಮೇಲೆ ಉಮ್ಮ ಒಳಗೆ ಬಂದು, ಲೆಕ್ಕ ತಪ್ಪಿದ್ದಕ್ಕೆ ನನ್ನನ್ನು ಬೈದು, ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ತೊಳೆದ ಪಾತ್ರೆಯನ್ನು ಮತ್ತೆ ತೊಳೆಯುವುದು ನಿಂತಿತ್ತು. ಈಗ ಇಂಥದ್ದಕ್ಕೆಲ್ಲ ಮಣಿಪಾಲದಲ್ಲಿ ಡಾಕ್ಟರುಗಳಿದ್ದಾರೆ, ಆಮೇಲೆ ಹುಟ್ಟಿದ ನನ್ನ ತಂಗಿಯ ಮಗಳೇ ಹೋಗಿ ಬಂದಳು, ಒಳ್ಳೆಯದಾಯಿತು. ನಮಗೆ ಇದ್ದದ್ದು ಒಗೆಯುವ ಕಲ್ಲು ಮತ್ತು ಮೈಮೂನಾ.

ಮಳೆ ಬಿಟ್ಟ ಮೇಲೆ ಉತ್ತರ ಬಂತು, ಅದೇ ಕ್ಯಾಸೆಟ್ಟಿನಲ್ಲಿ. ಆದರೆ ಉಪ್ಪ ಎಂದಿನಂತೆ ಉಮ್ಮನ ಮಾತಿನ ಮೇಲೆ ತುಂಬಿರಲಿಲ್ಲ. ಅದನ್ನು ಹಾಗೆಯೇ ಇಟ್ಟು, ಹಿಂದಿನ ಬದಿಯಲ್ಲಿ ಮಾತಾಡಿದ್ದರು. ಬೆಲ್ಯುಮ್ಮ ಕೂಡ ಬಂದು ಕುಳಿತರು. ಮೊದಲು ಫ್ಯಾನಿನ ಶಬ್ದ ಮಾತ್ರ ಕೇಳಿಸಿತು. ಆಮೇಲೆ ಸಲಾಂ.

"ಆಮಿನಾ, ನಾನು ಬೀಳಲಿಲ್ಲ. ನನ್ನ ಉಮ್ಮನಿಗೆ ಹೇಳು, ನಾನು ಬೀಳಲಿಲ್ಲ. ಫೋರ್‌ಮನ್‌ಗೆ ಹೇಳಿದೆ, ನನ್ನ ಮಗು ಹೋಗಿದೆ, ಕೈ ನಡುಗ್ತದೆ ಅಂತ. ಅವ ನನಗೆ ಕೆಳಗಿನ ಕೆಲಸ ಕೊಟ್ಟ. ಹೇಳದೆ ಹತ್ತಿದ್ದರೆ ಬೀಳ್ತಿದ್ದೆನೋ ಏನೋ. ಅಬ್ಬಾಸ್ ಹತ್ತಿರವೇ ಇದ್ದ. ನಿನ್ನ ಸಿಟ್ಟು ಸರಿ ಉಂಟು. ನೀನು ಕೇಳಿದ ಆ ಕ್ಯಾಸೆಟ್ಟು..."

ಸ್ವಲ್ಪ ಹೊತ್ತು ಮತ್ತೆ ಫ್ಯಾನು.

"ಮೋನುವಿನ ಸ್ವರದ ಮೇಲೆ ನಾನೇ ಮಾತು ತುಂಬಿ ಕಳಿಸಿದ್ದೇನೆ ಆಮಿನಾ. ಇನ್ನೂ ಎಷ್ಟೋ ಬರ್ತದೆ ಅಂತ ಎಣಿಸಿದೆ."

ಅಲ್ಲಿಂದ ಮುಂದೆ ಉಪ್ಪ ಅಳುತ್ತಿದ್ದರು. ಗಂಡಸೊಬ್ಬ ಅಳುವುದನ್ನು ನಾನು ಕೇಳಿದ್ದು ಅದೇ ಮೊದಲು. ಅಭ್ಯಾಸಬಲದಿಂದ ನನ್ನ ಬೆರಳು ನಿಲ್ಲಿಸುವ ಗುಂಡಿಯ ಮೇಲೆ ಹೋಯಿತು. ಬೆಲ್ಯುಮ್ಮ ನನ್ನ ಕೈ ಹಿಡಿದು ಪಕ್ಕಕ್ಕೆ ಸರಿಸಿದರು.

"ಬಿಡು. ಅಳಲಿ ಅವ" ಎಂದರು. ಅಷ್ಟು ದಿನಗಳಲ್ಲಿ ನನ್ನೊಡನೆ ಅವರು ಆಡಿದ ಮೊದಲ ಮಾತು ಅದು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅದು ಯಾರಿಗೆ, ಮೊಮ್ಮಗನಿಗೋ, ಮಗನಿಗೋ, ಎಂದೋ ತೀರಿಕೊಂಡ ಗಂಡನಿಗೋ, ನಾನು ಕೇಳಲಿಲ್ಲ. ಟೇಪು ಮುಗಿದು ಗುಂಡಿ ತಾನಾಗಿ ಮೇಲೆದ್ದಿತು.

ಉಮ್ಮ ಕ್ಯಾಸೆಟ್ಟು ಹೊರತೆಗೆದು ತಿರುಗಿಸಿ ನೋಡಿದಳು. "ಇದರ ಮೇಲೆ ಇನ್ನು ಯಾರೂ ಏನೂ ತುಂಬಬಾರದು. ಎಂತ ಮಾಡುವುದು ಸಕೀನಾ?" ಎಂದು ಕೇಳಿದಳು. ನಾನು ಅದರ ಬೆನ್ನಿನ ಎರಡು ಹಲ್ಲುಗಳನ್ನು ತೋರಿಸಿದೆ. ಅವಳು ತಲೆಯಿಂದ ಹೇರ್‌ಪಿನ್ನು ತೆಗೆದು ಒಂದನ್ನು ಮುರಿದಳು. ಇನ್ನೊಂದನ್ನು ಮುರಿಯಲು ಪಿನ್ನನ್ನು ಬೆಲ್ಯುಮ್ಮನ ಕೈಗೆ ಕೊಟ್ಟಳು. ಬೆಲ್ಯುಮ್ಮನಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ಬೆರಳಿನಿಂದ ತಡವಿ ತಡವಿ ಹುಡುಕಿ, ಅದನ್ನೂ ಮುರಿದರು. ನಾನು ಕ್ಯಾಸೆಟ್ಟನ್ನು ಯಂತ್ರದೊಳಗೆ ಹಾಕಿ ಕೆಂಪು ಗುಂಡಿಯನ್ನು ಬಲವಾಗಿ ಒತ್ತಿ ನೋಡಿದೆ. ಅದು ಇಳಿಯಲಿಲ್ಲ.